ತೊಂಬತ್ತೇಳನೆಯ ಗುಂಡಿ

ಇದನ್ನೊಂದು ಪಂಕ್ತಿಯೆನ್ನಿ.
ಪ್ಲಾಸ್ಟಿಕ್ ತಟ್ಟೆಯಲ್ಲಿ ತೊಂಬತ್ತಾರು ಗುಂಡಿ,
ಗುಂಡಿಗೊಬ್ಬರಂತೆ ಕೂತಿದ್ದಾರೆ.
ಎಲೆಯ ಮುಂದೆ ಕೂತ ಮೇಲೆ
ಎಲ್ಲರದೂ ಮುಗಿಯದೆ ಒಬ್ಬರೂ ಏಳುವ ಹಾಗಿಲ್ಲ.

ಮಸೇರು, ಜುಲೈ, ರಾತ್ರಿ ಹನ್ನೊಂದೂವರೆ.
ಬಿಳಿ ಕೋಟಿನ ಮೇಲೆ ಕಂಬಳಿ ಹೊದೆಯಬಾರದು, ನಿಯಮ;
ಅದಕ್ಕೇ ಡಿನೆಯೊ ಕೋಟಿನೊಳಗೇ
ಸೊಂಟಕ್ಕೆ ಸುತ್ತಿಕೊಂಡಿದ್ದಾಳೆ.
ಪರದೆಯ ಮೇಲೆ ಅವಳ ರಾತ್ರಿಗೊಂದು ಹೆಸರಿದೆ:
ಬ್ಯಾಚ್ ೦೭೧೨-ಸಿ.
ಸ್ಕ್ಯಾನರ್ ಟಿಣ್ ಎಂದಾಗಲೆಲ್ಲ
ಒಂದು ಮಗು ಸಂಖ್ಯೆಯಾಗಿ ಒಳಗೆ ಹೋಗಿತ್ತು.
ತೊಂಬತ್ತಮೂರು ಟಿಣ್.

ಉಳಿದ ಮೂರು ಗುಂಡಿ ಯಾರವೂ ಅಲ್ಲ.
ಒಂದರಲ್ಲಿ ಬೇಕೆಂದೇ ಹಾಕಿದ ವೈರಸ್ಸು, ಧಾರಾಳ;
ಇನ್ನೊಂದರಲ್ಲಿ ಅದೇ, ಚೂರು;
ಮೂರನೆಯದರಲ್ಲಿ ಏನಿಲ್ಲ, ಬರೀ ನೀರು.
ಅಗುಳು ಹಿಸುಕಿ ಅನ್ನದ ಹದ ನೋಡುವ ಹಾಗೆ
ಯಂತ್ರ ಮೊದಲು ಈ ಮೂರನ್ನು ಹಿಸುಕುತ್ತದೆ.

ಹನ್ನೆರಡರ ಹತ್ತಿರ, ಮೂವತ್ತಾರನೆಯ ಸುತ್ತಿನಲ್ಲಿ
ನೀರು ತಲೆಯೆತ್ತಿತು.
ಸಣ್ಣಗೆ. ಮಲಗಿದ್ದ ಗೆರೆ ಮೊಣಕೈಯೂರಿ ಎದ್ದ ಹಾಗೆ.
ನನ್ನೊಳಗೂ ಇದೆ, ಎಂದಿತು ನೀರು.

ಎಲ್ಲಿಂದ? ತೋಳಿನ ಅಂಚಿನಿಂದಲೆ? ಪಿಪೆಟ್ಟಿನ ತುದಿಯಿಂದಲೆ?
ಸಂಜೆ ಆರನೆಯ ಸಾಲಿನಲ್ಲಿ ಸೀನು ಬಂದಿತ್ತು, ತಡೆದಿದ್ದಳು.
ತಡೆದಿದ್ದಳೇ?

ಪರದೆಯೆಲ್ಲ ಕೆಂಪು. ತೊಂಬತ್ತಮೂರು ಸಾಲಿಗೂ ಒಂದೇ ಪದ: ಅಸಿಂಧು.
ಅದರ ಕೆಳಗೆ ತೊಂಬತ್ತೇಳನೆಯ ಗುಂಡಿ, ಒತ್ತುವ ಗುಂಡಿ:
ಆದರೂ ಎಲ್ಲ ಬಿಡುಗಡೆ ಮಾಡಿ.
ಕಾರಣ ನಮೂದಿಸಿ.

ಕಾರಣವೇ? ಕಾರಣ ಬಾಗಿಲ ಬಳಿಯ ಕುರ್ಚಿಯಲ್ಲಿ
ಹೆಲ್ಮೆಟ್ ತೊಟ್ಟೇ ನಿದ್ದೆಹೋಗಿದೆ.
ಸಿಯಾಬಾತಾ, ಮೋಟರ್‌ಸೈಕಲ್ಲಿನವನು.
ಸೆಮೊಂಕೊಂಗಿನಾಚೆ ಗುಡ್ಡದ ಕ್ಲಿನಿಕ್ಕಿನಲ್ಲಿ
ಪ್ರಿಂಟರ್ ಕೆಟ್ಟು ತಿಂಗಳಾಯಿತು,
ಸಿಗ್ನಲ್ಲು ಹುಟ್ಟಾ ಕೆಟ್ಟದ್ದೇ.
ನಾಳೆ ಮಧ್ಯಾಹ್ನದ ಮೇಲೆ ಹಿಮ, ಎಂದಿದೆ ರೇಡಿಯೊ;
ದಾರಿ ಮುಚ್ಚಿದರೆ ವಾರವೋ, ಎರಡೋ.
ಐದಕ್ಕೆ ಕಾಗದ ಕೊಟ್ಟರೆ ಸಾಕು ಔಸಿ,
ಅಂದವನೇ ಕಣ್ಣು ಮುಚ್ಚಿದ್ದ.

ಡಿನೆಯೊ ಕಾರಣದ ಖಾನೆಯಲ್ಲಿ ಬರೆದಳು: ಹಿಮ.
ಅಳಿಸಿದಳು.
ಹೆಚ್ಚಿನವು ಸರಿಯೇ ಇರಬಹುದು, ಎಂದು ಬರೆದಳು.
ಬಹುದು ಎಂಬುದನ್ನು ಅಳಿಸಿದಳು,
ಆಮೇಲೆ ಉಳಿದದ್ದನ್ನೂ.

ಅರವತ್ತೊಂದನೆಯದಕ್ಕೆ ಹೆಸರಿಲ್ಲ. ಶಿಶು, ಆರು ವಾರ.
ತಾಯಿಯದು ಮಾತ್ರ ಇದೆ: ಮಾಲೆಫಾ.
ಈ ನಾಡಿನಲ್ಲಿ ಸೊಸೆಯನ್ನು ಮನೆತುಂಬಿಸಿಕೊಂಡಾಗಲೇ
ಇನ್ನೂ ಹುಟ್ಟದ ಮಗುವಿನ ತಾಯಿಯೆಂದು ಕರೆಯುತ್ತಾರೆ;
ಮಗು ಆಮೇಲೆ ಬಂದು
ಅವಳಿಂದ ತನ್ನ ಹೆಸರು ಇಸಿದುಕೊಳ್ಳುತ್ತದೆ.
ಲೆಫಾ ಎಂದರೆ ಬಳುವಳಿ.
ಏನು ಬಳುವಳಿ, ಎಂಬುದೇ ಪ್ರಶ್ನೆ.

ಅದರ ಕಾರ್ಡು ಹುಡುಕಿ ತೆಗೆದಳು.
ಐದು ವೃತ್ತ ಮುದ್ರಿಸಿದ ಕಾಗದ; ರಕ್ತ ತುಂಬಿದ್ದು ಎರಡು.
ಚಳಿಗೆ ಹಿಮ್ಮಡಿಯಿಂದ ಅಷ್ಟೇ ಇಳಿಯಿತೇನೊ.
ಒಂದನ್ನು ಸಂಜೆಯೇ ಕೊರೆದದ್ದಾಗಿದೆ,
ಆ ತೂತಿನಲ್ಲಿ ಟ್ಯೂಬ್‌ಲೈಟು ಕಾಣುತ್ತದೆ.
ಇನ್ನೊಂದೂ ಕೆಟ್ಟರೆ
ಗುಡ್ಡ ಹತ್ತಿ ಮತ್ತೆ ಅದೇ ಹಿಮ್ಮಡಿಯನ್ನು ಚುಚ್ಚಬೇಕು.

ಇದೊಂದನ್ನೇ ಮಾಡಿ ಮುಗಿಸುವಂತಿದ್ದರೆ!
ಈ ಯಂತ್ರಕ್ಕೆ ಒಂಟಿ ಎಲೆ ಹಾಕಿ ಗೊತ್ತಿಲ್ಲ.
ಹೊಸ ಗ್ಲೌಸು. ಬ್ಲೀಚು.
ಬೇರೆ ಪೆಟ್ಟಿಗೆಯ ತುದಿಗಳು, ಬೇರೆ ಸೀಸೆಯ ನೀರು.
ಮತ್ತೆ ತೊಂಬತ್ತಮೂರು ಟಿಣ್,
ಅರವತ್ತೊಂದರಲ್ಲಿ ಉಸಿರು ಬಿಗಿಹಿಡಿದು.

ಐದಕ್ಕೆ ಸಿಯಾಬಾತಾ ಎದ್ದ. ಪರದೆ ನೋಡಿದ.
ಏನೂ ಕೇಳದೆ ಹೆಲ್ಮೆಟ್ ಕಳಚಿ
ತೊಡೆಯ ಮೇಲಿಟ್ಟುಕೊಂಡ.
ಬೈದಿದ್ದರೆ ಚೆನ್ನಾಗಿತ್ತು.

ಏಳಕ್ಕೆ ಹತ್ತು ನಿಮಿಷ.
ಮೂವತ್ತಾರನೆಯ ಸುತ್ತು. ಮೂವತ್ತೇಳು. ನಲವತ್ತು.
ಗೆರೆ ಮಲಗಿಯೇ ಇತ್ತು.
ನೀರು, ತಾನು ನೀರು ಎಂದಷ್ಟೇ ಹೇಳಿತು.

ಡಿನೆಯೊ ನೇರ ಅರವತ್ತೊಂದಕ್ಕೆ ಹೋಗಲಿಲ್ಲ.
ಮೊದಲನೆಯ ಸಾಲಿನಿಂದಲೇ ಓದತೊಡಗಿದಳು,
ಒಬ್ಬೊಬ್ಬರನ್ನೇ ಎಲೆಯಿಂದ ಏಳಿಸುವಂತೆ.
ಹೊರಗೆ ಅವನು ಕಿಕ್ ಹೊಡೆಯುತ್ತಿದ್ದ,
ಚಳಿಗೆ ಗಾಡಿ ಹಿಡಿಯುತ್ತಿರಲಿಲ್ಲ.