ಸ್ವಂತ ಕೆಲಸದ ನಿಮಿತ್ತ

ನನ್ನ ಚೀಲ ತೂಗುವುದು ಸರಿಯಾಗಿ ಅಲ್ಲೇ,
ಹೊಕ್ಕಳಿಂದ ನಾಲ್ಕು ಬೆರಳು ಕೆಳಗೆ.
ಹದಿನಾರು ವರ್ಷದ ಚರ್ಮ, ಚಿಲ್ಲರೆಯ ಭಾರ.
ಬ್ರೇಕು ಬಿದ್ದಾಗೆಲ್ಲ ಹಿಂದಿರುವ ನೋವನ್ನು
ಒಂದು ಸಲ ತಟ್ಟಿ, ಇದ್ದೀಯಾ ಅನ್ನುತ್ತದೆ.
ಇರುತ್ತದೆ.

ಒಂದರಿಂದ ಹತ್ತು, ಬರೆದಿಡಮ್ಮ, ಅಂದಳು ಇಂಚರ.
ಟ್ರಿಪ್ ಶೀಟಿನ ಬೆನ್ನಿಗೆ ಬರೆದಿದ್ದೇನೆ:
ಮಾರ್ಕೆಟ್ಟಿನಲ್ಲಿ ಮೂರು. ಲಾಲ್‌ಬಾಗ್ ಗೇಟಿಗೆ ಐದು.
ಡೈರಿ ಸರ್ಕಲ್ಲಿನ ಉಬ್ಬಿಗೆ ಏಳು.
ಸಿಲ್ಕ್ ಬೋರ್ಡಿನಲ್ಲಿ ಒಂಬತ್ತು.
ಅಲ್ಲಿ ಎಲ್ಲರಿಗೂ ಒಂಬತ್ತೇ ಬಿಡಿ, ಅಂದ ಡ್ರೈವರ್ ಮುನಿಶಾಮಪ್ಪ.
ನಕ್ಕೆ. ನಕ್ಕರೂ ನೋಯುತ್ತದೆ, ಅದನ್ನು ಬರೆಯಲಿಲ್ಲ.

ಮೊದಲನೇ ಡಾಕ್ಟರು ಕುರ್ಚಿ ಕೂಡ ತೋರಿಸಲಿಲ್ಲ.
ಮಕ್ಕಳೆಷ್ಟು? ಎರಡು. ಆಯಿತಲ್ಲ, ತೆಗೆಸಿಬಿಡಿ.
ಲಾಸ್ಟ್ ಸ್ಟಾಪು, ಇಳೀರಿ ಅಂದ ಹಾಗೆ.
ನಾನೂ ದಿನಾ ಹಾಗನ್ನುವವಳೇ,
ಆದರೆ ನಿದ್ದೆ ಹೋದವರನ್ನು ಭುಜ ಮುಟ್ಟಿ ಎಬ್ಬಿಸುತ್ತೇನೆ.

ಎರಡನೆಯವರು, ನಾಲ್ಕನೇ ಬ್ಲಾಕಿನ ಮಹಡಿಯ ಮೇಲೆ,
ಡಾಕ್ಟರ್ ನಫೀಸಾ, ಪೆನ್ನು ಕೆಳಗಿಟ್ಟು ಕೇಳಿದರು:
ಎಲ್ಲಿ ನೋಯುತ್ತೆ, ಬೆರಳಿಟ್ಟು ತೋರಿಸಿ.
ಎಂಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಬೆರಳಿಗೇ ಎಲ್ಲಿ ನಿಲ್ಲಬೇಕೆಂದು ತಿಳಿಯದೆ
ಸೊಂಟಕ್ಕೆ ಹೋಯಿತು, ತೊಡೆಗಿಳಿಯಿತು, ವಾಪಸು ಬಂತು.

ಚೀಟಿಯ ಹಿಂದೆ ಚಿತ್ರ ಬರೆದರು.
ತಲೆಕೆಳಗಾದ ಸೀಬೆಹಣ್ಣು, ಎರಡು ಕಡೆ ಬಳುಕಿದ ಕೊಂಬೆ,
ಕೊಂಬೆಯ ಪಕ್ಕ ಒಂದೊಂದು ಬಾದಾಮಿ.
ಹಣ್ಣಷ್ಟೇ ತೆಗೆಯಬಹುದು, ತೊಟ್ಟು ಉಳಿಸಬಹುದು.
ಬಾದಾಮಿಯನ್ನೂ ತೆಗೆದರೆ ನಾಳೆ ಬೆಳಿಗ್ಗೆಯೇ
ನಿಮ್ಮ ಮೈಗೆ ಹತ್ತು ವರ್ಷ ವಯಸ್ಸಾಗುತ್ತೆ.
ಹೊಟ್ಟೆ ಕೊಯ್ದು, ಇಲ್ಲಾ ಮೂರು ತೂತಿನಲ್ಲಿ, ಇಲ್ಲಾ ಕೆಳಗಿನ ದಾರಿಯಲ್ಲಿ.
ಇಲ್ಲಾ ತಿಂಗಳಿಗೊಂದು ಇಂಜೆಕ್ಷನ್ನು, ಒಳಗೊಂದು ಪುಟ್ಟ ಕಡ್ಡಿ,
ಬಿಗಿದ ಸ್ನಾಯುವಿಗೆ ವ್ಯಾಯಾಮ, ಕಾದು ನೋಡುವುದು.
ಆಮೇಲೆ ಕನ್ನಡಕ ತೆಗೆದು ಅಂದರು:
ತೆಗೆದ ಮೇಲೂ ನೋವು ಉಳಿಯಬಹುದು, ಸುಳ್ಳು ಹೇಳಲಾರೆ.

ಮೆಟ್ಟಿಲಿಳಿಯುತ್ತ ಅದೇ ತಲೆಯಲ್ಲಿ:
ಮನೆಯನ್ನೇ ಕೆಡವಿಸಿದ ಮೇಲೂ
ಬಾಡಿಗೆಯವನು ಬಯಲಲ್ಲಿ ಕೂತೇ ಇದ್ದರೆ?

ಚಿಕ್ಕಮ್ಮ ಹೊಂಬಾಳಮ್ಮನಿಗೆ ಮೂವತ್ತೊಂದಕ್ಕೇ ತೆಗೆದರು.
ಏನೇನು ತೆಗೆದರೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.
ಪುಷ್ಯದ ಚಳಿಯಲ್ಲೂ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಾಳೆ.
ಹೆಣ್ಣಿನ ಕಾಟ ಮುಗೀತು ಕಣೇ, ಅನ್ನುತ್ತಾಳೆ,
ಅಂದು, ಬೇರೆ ಕಡೆ ನೋಡುತ್ತಾಳೆ.
ಗಂಡ ತಟ್ಟೆ ತೊಳೆಯುತ್ತ, ನಿನ್ನಿಷ್ಟ, ಅಂದ.
ಎಷ್ಟು ದಿನ ಅನ್ನುವ ಪ್ರಶ್ನೆಯೊಂದು
ನಲ್ಲಿಯ ಸದ್ದಿನ ಕೆಳಗೇ ಉಳಿಯಿತು.

ಇದರ ಮೇಲೆ ನನಗೆ ಸಿಟ್ಟಿಲ್ಲ.
ಇಂಚರ ಇಲ್ಲಿಂದಲೇ ಇಳಿದಳು, ಅವಳ ತಮ್ಮನೂ.
ಮೂರನೆಯದೊಂದು, ನಾಲ್ಕೇ ತಿಂಗಳು ಕೂತಿದ್ದು,
ಸ್ಟಾಪಿಲ್ಲದ ಕಡೆ ಇಳಿದುಹೋಯಿತು.
ಆ ಜಾಗವನ್ನು ಯಾರಿಗೆ ಒಪ್ಪಿಸಲಿ?

ಹೆಂಗಸರಿಗೆ ಸೊನ್ನೆ ರೂಪಾಯಿಯ ಗುಲಾಬಿ ಚೀಟಿ ಹರಿಯುತ್ತ
ಕಂಬಿ ಹಿಡಿದು ತುಸುವೇ ಬಗ್ಗಿದವರನ್ನು ನೋಡುತ್ತೇನೆ,
ದುಪಟ್ಟಾದ ಕೆಳಗೆ ಅಂಗೈ ಒತ್ತಿಕೊಂಡವರನ್ನು.
ಗುರುತು ಹತ್ತುತ್ತದೆ.
ಬನ್ನಿ, ನನ್ನ ಸೀಟಲ್ಲಿ ಕೂತ್ಕೊಳ್ಳಿ ಅನ್ನುತ್ತೇನೆ.
ಯಾಕೆಂದು ಅವರೂ ಕೇಳುವುದಿಲ್ಲ.

ರಾತ್ರಿ ಡಿಪೋದಲ್ಲಿ ದುಡ್ಡೆಣಿಸಿ ಕೊಟ್ಟೆ.
ಹನ್ನೆರಡು ರೂಪಾಯಿ ಕಮ್ಮಿ, ಕೈಯಿಂದ ಹಾಕಿದೆ.
ರಜೆಯ ಅರ್ಜಿ ಕೇಳಿದೆ. ಆರು ವಾರವಾ? ಗುಮಾಸ್ತ ಕಣ್ಣೆತ್ತಿದ.
ಕಾರಣ ಅನ್ನುವ ಜಾಗ ಎರಡು ಬೆರಳಗಲ.
ಬರೆದೆ: ಸ್ವಂತ ಕೆಲಸದ ನಿಮಿತ್ತ.
ಓದಿಕೊಂಡೆ. ಮದುವೆಗೆ, ತಿಥಿಗೆ, ನಾದಿನಿಯ ಸೀಮಂತಕ್ಕೆ
ಇದನ್ನೇ ಬರೆಯುತ್ತ ಬಂದಿದ್ದೆ.
ಈ ಸಲ ನಿಜ.

ಬಾದಾಮಿ ಮುಟ್ಟಬೇಡಿ ಅನ್ನಬೇಕು. ಅದೊಂದು ಗಟ್ಟಿ.
ಉಳಿದದ್ದು ಇನ್ನೂ ಇಲ್ಲ.
ತಾರೀಖಿನ ಜಾಗ ಖಾಲಿ ಬಿಟ್ಟು, ಮಡಚಿ,
ಚೀಲದ ಒಳಖಾನೆಯಲ್ಲಿಟ್ಟೆ,
ಯಾರೂ ತೆಗೆದುಕೊಳ್ಳದ ಹರಿದ ನೋಟುಗಳ ಜೊತೆ.