ಕಡವು, ಹನ್ನೊಂದನೇ ವರ್ಷ

ಉಪ್ಪಳದ ಬಸ್‌ಸ್ಟ್ಯಾಂಡಿನೆದುರು, ಜೆರಾಕ್ಸ್ ಅಂಗಡಿಯ ಮೇಲೆ,
ಏಣಿಯಂಥ ಮೆಟ್ಟಿಲು ಹತ್ತಿದರೆ ಸಿಗುವ ಕೋಣೆಯಲ್ಲಿ
ತಾರಾನಾಥ ಹನ್ನೊಂದು ವರ್ಷದಿಂದ
ಒಂದು ದೋಣಿ ದಾಟಿಸುತ್ತಿದ್ದಾನೆ.
ಆಚೆ ದಡ ಇನ್ನೂ ಸಿಕ್ಕಿಲ್ಲ.

ಆಟದ ಹೆಸರು ‘ಕಡವು’.
ಆಡುವವರೇ ಅಂಬಿಗ. ಹತ್ತುವವರು ಏಳು ಭಾಷೆಯವರು.
ತುಳುವಿಗೆ ತುಳು, ಬ್ಯಾರಿಗೆ ಬ್ಯಾರಿ,
ಕೊಂಕಣಿ ಬಾಯಿಗೆ ಕೊಂಕಣಿಯಲ್ಲೇ ಉತ್ತರ ಕೊಡದಿದ್ದರೆ
ದೋಣಿ ವಾಲುತ್ತದೆ.
ಕನ್ನಡದ ಮಾತು ನಾನು ಬರೆದದ್ದು:
ಮೊದಲ ವರ್ಷ, ಶಾಲೆ ಬಿಟ್ಟ ಮೇಲೆ, ನಲವತ್ತು ಸಾಲು,
ಎರಡು ಸಂಜೆ, ಮೂರು ಲೋಟ ಸುಲೈಮಾನಿ.

ಆಮೇಲೆ ಅವನಿಗೆ ನೀರು ಸರಿಬರಲಿಲ್ಲ.
ಶಿರಿಯ ಹೊಳೆ ಹೀಗೆ ಹೊಳೆಯುವುದಿಲ್ಲ ಅಂದ.
ಉಬ್ಬರದ ನೀರು ಬೇರೆ, ಇಳಿತದ ನೀರು ಬೇರೆ,
ಉಪ್ಪು ಕಲೆತಾಗ ಅದು ಬೆನ್ನು ಮಡಚುವ ರೀತಿಯೇ ಬೇರೆ ಅಂದ.
ನೀರಿಗೇ ಮೂರು ವರ್ಷ.
ಅಷ್ಟರಲ್ಲಿ ಫೋನುಗಳು ಬದಲಾದವು; ಮತ್ತೆ ಮೊದಲಿಂದ.
ಅಷ್ಟರಲ್ಲಿ ಹೊಳೆಗೆ ಸೇತುವೆ ಬಂತು;
ಅವನ ಹೊಳೆಗೆ ಬರಲಿಲ್ಲ.

ಕೆಳಗೆ, ಜೆರಾಕ್ಸಿನ ಶಮ್ಮಾಸ್,
ಬೀಳುವ ತೆಂಗಿನಕಾಯಿಗೆ ತಲೆ ತಪ್ಪಿಸುವ ಆಟವೊಂದನ್ನು
ಹತ್ತೊಂಬತ್ತು ದಿನದಲ್ಲಿ ಮಾಡಿ ಬಿಟ್ಟ.
ದುಬೈಯಲ್ಲೂ ಆಡುತ್ತಾರಂತೆ.
ತಾರಾನಾಥ ಇಳಿದು ಬಂದು, ಆಡಿ, “ಕಾಯಿಗೆ ನೆರಳಿಲ್ಲ” ಅಂದ.
“ನೆರಳು ನೋಡ್ತಾ ನಿಂತ್ರೆ ಕಾಯಿ ತಲೆ ಮೇಲೆ, ಅಣ್ಣ.”
ಇಬ್ಬರೂ ಸರಿ.
ನಾನು ಚಾ ಕುಡಿದೆ.

ಹೊಳೆಯ ಚೌಳು ನೀರಲ್ಲಿ ತೆಂಗಿನ ಸಿಪ್ಪೆ ಹೂತಿಡುತ್ತಿದ್ದ
ನನ್ನ ಲಚ್ಚಿಲತ್ತೆ ತಿಂಗಳು ಎಣಿಸುತ್ತಿರಲಿಲ್ಲ.
ಸೊಂಟಮಟ್ಟ ನೀರಿಗಿಳಿದು ಒಂದು ಸಿಪ್ಪೆ ಎಳೆದು
ಹೆಬ್ಬೆರಳ ಉಗುರು ಊರಿ ನೋಡುವಳು.
ಬೇಗ ತೆಗೆದರೆ ನಾರು ಕೈ ಕೊಯ್ಯುತ್ತದೆ,
ತಡೆದು ತೆಗೆದರೆ ಹಗ್ಗವೇ ಇಲ್ಲ, ಬರೀ ಕೆಸರು.
ನಡುವೆ ಯಾವುದೋ ಒಂದು ವಾರ.
ಯಾವ ವಾರ ಅತ್ತೆ, ಅಂತ ಕೇಳಿದ್ದೆ.
“ವಾಸನೆ ಬದಲಾದಾಗ” ಅಂದಳು.
ಯಾವುದರಿಂದ ಯಾವುದಕ್ಕೆ, ಹೇಳಲಿಲ್ಲ;
ಮೂಗು ಒರೆಸಿಕೊಂಡಳು.

ತಾರಾನಾಥನ ಕೋಣೆಯನ್ನು ಮೂಸಿದ್ದೇನೆ.
ಬಿಸಿ ವಯರು, ಹಳೆ ಬನಿಯನು, ಪೊರೋಟ ಕಟ್ಟಿದ ಕಾಗದ.
ಏನೂ ತಿಳಿಯಲಿಲ್ಲ.

ನನ್ನ ಸಾಲುಗಳನ್ನು ವರ್ಷ ವರ್ಷ ತಿದ್ದಿಸಿದ.
ಹಾಲ್‌ಟಿಕೆಟ್ ಹಿಡಿದು ದೋಣಿ ಹತ್ತುವ ಹುಡುಗಿ
ಮೊದಲು ಅನ್ನುತ್ತಿದ್ದಳು: “ಬೇಗ ಹೋಗಿ ಮಾರಾಯ್ರೇ, ಗಂಟೆ ಬಾರಿಸ್ತದೆ.”
ಆರನೇ ತಿದ್ದುಪಡಿಯಲ್ಲಿ ಅವಳಿಗೆ ಹೊಳೆಯ ಬಗ್ಗೆ ವಿಚಾರಗಳು ಹುಟ್ಟಿದವು.
ಒಂಬತ್ತನೆಯದರಲ್ಲಿ ಮಾತೇ ಬಿಟ್ಟು ನೀರು ನೋಡಿದಳು.
ಈ ವರ್ಷ ಮತ್ತೆ: “ಬೇಗ ಹೋಗಿ ಮಾರಾಯ್ರೇ, ಗಂಟೆ ಬಾರಿಸ್ತದೆ.”
ಇದಕ್ಕೆ ಹತ್ತು ವರ್ಷ ಬೇಕಾಯಿತೇ, ಅಂದೆ.
“ಈಗ ಅವಳಿಗೆ ನಿಜವಾಗಿ ತಡವಾಗಿದೆ, ಟೀಚರ್” ಅಂದ.

ಕಳೆದ ಭಾನುವಾರ ಅಂಬಿಗ ಐತಪ್ಪಣ್ಣನ ಮೊಮ್ಮಗಳು ಬಂದಳು,
ತೀಕ್ಷಾ, ನನ್ನ ಏಳನೇ ಕ್ಲಾಸಿನವಳು.
ಆಟದಲ್ಲಿ ಹುಟ್ಟು ಹಾಕುವ ಸದ್ದು ಅವಳಜ್ಜನದು;
ಮೊದಲ ವರ್ಷ ಸಾದಾ ಫೋನಿನಲ್ಲಿ ಹಿಡಿದದ್ದು.
ಅದೊಂದನ್ನು ಮಾತ್ರ ತಾರಾನಾಥ ತಿದ್ದಲಿಲ್ಲ,
ತಿದ್ದಲು ಅಜ್ಜನಿಲ್ಲ.
ಆಡಿದಳು. ಎರಡು ಸಲ ದೋಣಿ ವಾಲಿತು,
ಯಾರದೋ ಆಡು ನೀರಿಗೆ ಬಿತ್ತು, ನಕ್ಕಳು.
ಕೊನೆಗೆ ದಡ ಮುಟ್ಟುವಲ್ಲಿ ಆಟ ಸಿಕ್ಕಿಕೊಂಡಿತು:
ಎಷ್ಟು ಹುಟ್ಟು ಹಾಕಿದರೂ ಗೇಣಷ್ಟು ನೀರು ಉಳಿದೇ ಇದೆ.
“ಅಯ್ಯೋ, ಅದು ತಪ್ಪು, ಕೊಡು” ಅಂತ ಅವನು ಕೈ ಚಾಚಿದ.
“ಇರಲಿ ಸರ್.”
ಫೋನು ಕಿವಿಗೆ ಹಿಡಿದಳು.
ಚಳಕ್, ಚಳಕ್, ನಡುವೆ ಒಂದು ಕೆಮ್ಮು,
ಮತ್ತೆ ಚಳಕ್.

“ಎಲ್ಲರಿಗೂ ಯಾವಾಗ ಸಿಗ್ತದೆ ಇದು?” ಕೇಳಿದಳು ಹೋಗುವಾಗ.
ಬರುವ ಬಿಸುವಿಗೆ, ಅಂದ.
ಯಾವ ಬಿಸು ಎಂದು ಅವಳು ಕೇಳಲಿಲ್ಲ, ನಾನೂ.
ಮೇಜಿನಡಿಯಲ್ಲಿ ನನ್ನ ಹೆಬ್ಬೆರಳ ಉಗುರು
ತಾನಾಗಿಯೇ ಮರಕ್ಕೆ ಊರಿಕೊಂಡಿತ್ತು.
ಕೆಳಗೆ ಶಮ್ಮಾಸನ ಯಂತ್ರ
ಯಾರದೋ ರೇಷನ್ ಕಾರ್ಡನ್ನು
ಎರಡೂ ಬದಿ, ಬಿಸಿಬಿಸಿ, ಎಳೆದು ಹಾಕಿತು.