ಟೋಕನ್ ಇಪ್ಪತ್ತೊಂದು

ಅಕ್ರಾ. ಸಂಸತ್ತಿನ ಬಾಗಿಲಲ್ಲಿ
ಯಂತ್ರ ಕೂಗಿಕೊಂಡಿತು.
ಚೀಲದಲ್ಲೇನಮ್ಮ?
ಸರಪಳಿ, ಎಂದಳು ಜಿಗ್ಬೋದಿ,
ಪ್ರಾರ್ಥನಾ ಶಿಬಿರದ್ದು. ಅಲ್ಲಿನ ಮಾವಿನ ಮರಕ್ಕೂ ನನಗೂ
ಹದಿನಾಲ್ಕು ತಿಂಗಳ ನಂಟು.

ಲೋಹ ಒಳಗೆ ಬಿಡುವುದಿಲ್ಲ.
ಇಸಿದುಕೊಂಡು ಟೋಕನ್ ಕೊಟ್ಟರು.

ಒಳಗೆ ತಂಪು. ಮಾನಸಿಕ ಆರೋಗ್ಯ ಮಸೂದೆಯ ಮೇಲೆ
ಯಾರದೋ ನೀರಿನ ಲೋಟ.
ಸಾಕ್ಷಿ ಏನಾದರೂ ಉಂಟೇ?
ಟೋಕನ್ನು ಮೇಜಿನ ಮೇಲಿಟ್ಟಳು,
ಚಪ್ಪಲಿ ಕಳಚಿ
ಕಣಕಾಲು ತೋರಿದಳು.

ಕೆಮ್ಮಿದರು ಅಧ್ಯಕ್ಷರು:
ಈ ಸಲ ಹಣವಿಲ್ಲ, ಮುಂದಿನ ಬಜೆಟ್ಟಿಗೆ ನೋಡೋಣ,
ಸ್ವಲ್ಪ ತಾಳ್ಮೆ...

ನಮ್ಮ ಎವೆ ಮಾತಿನಲ್ಲಿ
ಅದು ನನ್ನ ಹೆಸರು, ಸ್ವಾಮಿ.
ಅವ್ವ ಹೊತ್ತು ಮುಳುಗುವಾಗ ಮರದಡಿ ಬಂದು
ಅದನ್ನೇ ಕರೆಯುತ್ತಿದ್ದಳು.
ಓಗೊಟ್ಟೆ, ಪ್ರತಿ ಸಲ.
ಇವತ್ತು
ಆ ಹೆಸರು ಹಿಡಿದು ಕರೆಯಬೇಡಿ.